ಕುಂದು ಹೇಳುವವನ ಪಾಲು

ನಾನು ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಅದನ್ನು ಹೇಳುವುದೇ ನನ್ನ ಕೆಲಸವಾಗಿತ್ತು, ಅದಕ್ಕೆಂದೇ ನನಗೊಂದು ಪಾಲು ಬರುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡದ್ದರಿಂದ ಒಬ್ಬ ಹೆಂಗಸಿನ ಮನೆ ಹೋಯಿತು, ನನ್ನ ಅಕ್ಕನ ಹೆಸರು ಹೋಯಿತು. ಕಳೆದ ತಿಂಗಳು ಅಕ್ಕನೂ ಹೋದಳು. ಅವಳು ಎಂಥವಳು ಎಂದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ. ಚಿಕ್ಕವನಿದ್ದಾಗ ಗುಂಡ್ಲುಪೇಟೆಯಲ್ಲಿ ಮಾವನ ಮನೆಯಲ್ಲಿದ್ದು ಏಳನೆಯ ತರಗತಿಯವರೆಗೆ ಓದಿದ್ದೇನೆ. ಅಲ್ಲಿ ಕಲಿತ ಕನ್ನಡ ಇದು.

ಅಕ್ಕ ನೀಲಗಿರಿಯ ಕೋತಗಿರಿ ಕಡೆ ಜಮೀನು ಬ್ರೋಕರ್ ಆಗಿದ್ದಳು. ಮೊದಲು ಅವಳು ಹಟ್ಟಿ ಹಟ್ಟಿಗೆ ತಿರುಗಿ ಸಣ್ಣ ತೋಟದವರಿಂದ ಹಸಿ ಟೀ ಎಲೆ ಕೊಂಡು ಫ್ಯಾಕ್ಟರಿಗೆ ಹಾಕುತ್ತಿದ್ದಳು. ಗಂಡನ ಜೊತೆ ಸರಿಬರದೆ ತವರಿಗೆ ವಾಪಸ್ ಬಂದವಳು. ನಮ್ಮ ಬಡಗ ಜನರಲ್ಲಿ ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಎಲೆಯ ಗೋಣಿ ಹೊತ್ತು ನಡೆದು ನಡೆದು, ಯಾವ ತೋಟ ಯಾರದು, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಯಾರಿಗೆ ಮಗಳ ಮದುವೆಗೆ ಜಾಗ ಮಾರುವ ಯೋಚನೆ ಇದೆ ಎಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಎಲೆಯ ದರ ಬಿದ್ದಾಗ ಜನ ಅವಳನ್ನೇ ಕೇಳತೊಡಗಿದರು. "ಅಕ್ಕಾ, ಆ ಮೇಲಿನ ಇಪ್ಪತ್ತು ಸೆಂಟಿಗೆ ಕೊಳ್ಳೋ ಪಾರ್ಟಿ ಯಾವುದಾದರೂ ಇದ್ರೆ ನೋಡು." ಹಾಗೆ ನೋಡುತ್ತಾ ನೋಡುತ್ತಾ ಬ್ರೋಕರ್ ಆದಳು.

ಬಿಳಿ ಮುಂಡು, ತಲೆಗೆ ಬಿಳಿ ಬಟ್ಟೆ, ಮೇಲೆ ನಮ್ಮಪ್ಪನ ಹಳೆಯ ಬೂದು ಸ್ವೆಟರು, ಕಾಲಿಗೆ ಕ್ಯಾನ್ವಾಸ್ ಶೂ. ಕೈಯಲ್ಲಿ ಒಂದು ಗಂಡಸರ ಕೊಡೆ. ಬಿಸಿಲಿರಲಿ ಮಳೆ ಇರಲಿ, ಆ ಕೊಡೆಯನ್ನು ಅವಳು ಬಿಚ್ಚಿದ್ದಕ್ಕಿಂತ ನೆಲಕ್ಕೆ ಚುಚ್ಚಿದ್ದೇ ಹೆಚ್ಚು. ಜಾಗ ನೋಡಲು ಹೋದಾಗ ಕೊಳ್ಳುವವರು ಮಂಜು, ಬೆಟ್ಟ, ಕಣಿವೆ ಎಂದು ಫೋಟೋ ತೆಗೆಯುತ್ತಿದ್ದರೆ ಇವಳು ಕೊಡೆಯ ಮೊನೆಯಿಂದ ಅಲ್ಲಲ್ಲಿ ಚುಚ್ಚುತ್ತಾ ಹಿಮ್ಮಡಿಯಲ್ಲಿ ನೆಲ ಒದೆಯುತ್ತಾ ಓಡಾಡುವಳು. ಫೋನಿನಲ್ಲಿ ಮಾತಾಡಿದರೆ ಎದುರಿನ ಬೆಟ್ಟದವರನ್ನು ಕೂಗಿದಂತಿರುತ್ತಿತ್ತು. ಬೆಲೆ ಕೂಡುವ ತನಕ ಮಾರುವವರ ಮನೆಯಲ್ಲಿ ಟೀ ಕುಡಿಯುತ್ತಿರಲಿಲ್ಲ. "ಟೀ ಕುಡಿದ ಮೇಲೆ ಬೆಲೆ ಇಳಿಸು ಅನ್ನೋಕೆ ನಾಲಿಗೆ ಏಳಲ್ಲ" ಎನ್ನುವಳು.

ಈ ಕೆಲಸದಲ್ಲಿ ಕಮಿಷನ್ ಹಂಚುವ ರೀತಿ ಹೊರಗಿನವರಿಗೆ ಗೊತ್ತಿರುವುದಿಲ್ಲ. ನಮ್ಮ ಕಡೆ ಕೊಳ್ಳುವವರು ನೂರಕ್ಕೆ ಎರಡು, ಮಾರುವವರು ನೂರಕ್ಕೆ ಎರಡು ಕೊಡುವುದು ರೂಢಿ. ಪೇಟೆಯಲ್ಲಿ ಬೋರ್ಡು ಹಾಕಿಕೊಂಡ ಆಫೀಸಿನವರು ಪಾರ್ಟಿಯನ್ನು ಕರೆತಂದಿದ್ದರೆ ಕೊಳ್ಳುವವರ ಸೈಡು ಪೂರ್ತಿ ಅವರದು. ಮಾರುವವರ ಸೈಡು ನಮ್ಮಂಥ ಹಟ್ಟಿಯವರದು. ಅದರಲ್ಲಿ ಮತ್ತೆ ಪಾಲು. ಜಾಗ ಮಾರಾಟಕ್ಕಿದೆ ಎಂದು ಮೊದಲು ಕಿವಿಗೆ ಹಾಕಿದವನಿಗೆ ಒಂದು, ಪಾರ್ಟಿಯನ್ನು ಜಾಗಕ್ಕೆ ನಡೆಸಿಕೊಂಡು ಹೋದವನಿಗೆ ಒಂದು, ಬೆಲೆ ಕೂಡಿಸಿದವರಿಗೆ ಒಂದು. ಇದು ಎಲ್ಲರೂ ಒಪ್ಪಿದ ಲೆಕ್ಕ. ಅಕ್ಕ ಇದಕ್ಕೆ ತನ್ನ ಪಾಲಿನಿಂದ ಕಿತ್ತು ಇನ್ನೊಂದು ಸೇರಿಸಿದ್ದಳು. ಜಾಗದ ಕುಂದು ಹೇಳುವವನಿಗೆ ಒಂದು ಪಾಲು.

ಬೇರೆ ಬ್ರೋಕರ್‌ಗಳು ಇದನ್ನು ಕೇಳಿ ನಕ್ಕು ಸುಸ್ತಾದರು. ಬೈಕಿನಲ್ಲಿ ಓಡಾಡುವ ದಪ್ಪ ಬ್ರೋಕರ್ ಒಬ್ಬನಿದ್ದ, ತಮಿಳಿನವನು. ಅವನು ಅವಳ ಎದುರಿಗೇ ನನಗೆ ಹೇಳಿದ:

"ನಿಮ್ಮಕ್ಕ ಮದುವೆ ಬ್ರೋಕರ್ ಆಗಿದ್ದಿದ್ರೆ ನೀಲಗಿರಿಯಲ್ಲಿ ಒಂದು ತಾಳಿನೂ ಏರ್ತಿರಲಿಲ್ಲ ತಂಬಿ!"

"ಏರಿದ್ದು ಒಂದೂ ಇಳೀತಿರಲಿಲ್ಲ" ಎಂದಳು ಅಕ್ಕ. ತಾಳಿ ಇಳಿಸಿ ಬಂದವಳ ಬಾಯಲ್ಲೇ ಆ ಮಾತು ಕೇಳಿ ಅವನು ಬೈಕು ಹತ್ತಿದ.

ಕುಂದನ್ನು ನೀನೇ ಹೇಳಬಹುದಲ್ಲ, ಇನ್ನೊಬ್ಬನಿಗೆ ಪಾಲು ಯಾಕೆ ಎಂದು ನಾನೇ ಕೇಳಿದ್ದೆ. "ಮಾರಿಸೋ ಬಾಯಿ ಕುಂದು ಹೇಳಿದ್ರೆ ಯಾರೂ ನಂಬಲ್ಲ. ಇದೂ ಒಂದು ಆಟ ಅಂತಾರೆ. ಪಕ್ಕದಲ್ಲಿ ನಿಂತವನು ಹೇಳಬೇಕು. ಜಾಗದ ಮೇಲೆ ನಿಂತೇ ಹೇಳಬೇಕು. ಮಾರುವವನ ಕಿವಿಗೆ ಬೀಳೋ ಹಂಗೆ, ಜೋರಾಗಿ. ಅಡ್ವಾನ್ಸ್ ಕೈಗೆ ಬರೋ ಮುಂಚೆ" ಎಂದಳು. ಅಷ್ಟು ಹೇಳಿ ಒಂದು ತಮಾಷೆ ಮಾಡಿದಳು. ನಮ್ಮಲ್ಲಿ ಯಾರಾದರೂ ಸತ್ತರೆ ಮಣ್ಣಿಗೆ ಒಯ್ಯುವ ಮುಂಚೆ ಹಿರಿಯರೊಬ್ಬರು ಹೆಣದ ಪಕ್ಕ ನಿಂತು ಮನುಷ್ಯ ಮಾಡಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಕೂಗಿ ಹೇಳುತ್ತಾರೆ. ಸತ್ತವರು ಮಾಡಿರಲಿ ಬಿಡಲಿ, ಎಲ್ಲರಿಗೂ ಅದೇ. ಪ್ರತಿಯೊಂದಕ್ಕೂ ಕೂಡಿದ ಜನ "ಪಾಪ" ಎನ್ನಬೇಕು. ಕೊನೆಗೆ ಅವೆಲ್ಲ ಕಳೆಯಲಿ ಎಂದು ಕೇಳಿಕೊಳ್ಳುತ್ತಾರೆ. "ಅವತ್ತು ಹಿರಿಯರು 'ಗಡಿಕಲ್ಲು ಸರಿಸಿದ್ದರೆ' ಅಂತ ಕೂಗಿದಾಗ ಜನ ಎನ್ನ ಹೆಣ ನೋಡಿ ಕಿಸಕ್ ಅಂತ ನಗಬಾರದು. ಬ್ರೋಕರ್ ಹೆಣ ನೋಡು! ಅದಕ್ಕೇ ಈ ಪಾಲು" ಎಂದಳು.

ನಾನು ಜೀಪು ಓಡಿಸುವವನು. ಪಾರ್ಟಿಗಳನ್ನು ಜಾಗಕ್ಕೆ ಕರೆದೊಯ್ಯುವುದು ನಾನೇ. ಹಾಗಾಗಿ ಕುಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮೊದಮೊದಲು ಅದು ನನಗೆ ಬಹಳ ಹಿಡಿಸಿತ್ತು. ಒಂದು ಸಲ ಕೊಯಮತ್ತೂರಿನ ಪಾರ್ಟಿ ಜಾಗ ನೋಡಿ ಕುಣಿಯುವಷ್ಟು ಖುಷಿಯಾಗಿ ನಿಂತಿದ್ದಾಗ, "ಸಾರ್, ಈ ದಾರಿ ಇವರ ಅಣ್ಣನ ತೋಟದ ಒಳಗೆ ಹೋಗುತ್ತೆ. ಅಣ್ಣತಮ್ಮ ಮಾತಾಡಲ್ಲ. ನಾಳೆ ಬೇಲಿ ಹಾಕಿದ್ರೆ ನೀವು ಹೆಲಿಕಾಪ್ಟರಲ್ಲಿ ಬರಬೇಕು" ಎಂದೆ. ಪಾರ್ಟಿ ಆಗಲೇ ನಮ್ಮ ಜೀಪಿನ ಹಿಂದೆ ತಂದಿದ್ದ ತಮ್ಮ ಕಾರು ಹತ್ತಿದರು. ಮಾರುವವನು ಟೀ ಗಿಡ ಸವರುವ ಕತ್ತಿ ಹಿಡಿದು ನನ್ನನ್ನು ಜೀಪಿನವರೆಗೆ ಅಟ್ಟಿಸಿಕೊಂಡು ಬಂದ. ಅಕ್ಕ ಜೀಪಿನೊಳಗೆ ಕೂತು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. "ಚೆನ್ನಾಗಿ ಹೇಳಿದೆ ತಮ್ಮಾ. ಹೆಲಿಕಾಪ್ಟರ್ ಮಾತ್ರ ಬೇಡವಾಗಿತ್ತು." ಆಮೇಲೆ ಅವಳೇ ಹೋಗಿ ಆ ಅಣ್ಣತಮ್ಮಂದಿರನ್ನು ಕೂರಿಸಿ ದಾರಿಯ ವಿಷಯ ಬಗೆಹರಿಸಿದಳು. ಅದೇ ಜಾಗ ಮೊದಲಿಗಿಂತ ಒಳ್ಳೆಯ ಬೆಲೆಗೆ ಹೋಯಿತು.

ಪಾಲು ಹಂಚುವುದು ರಿಜಿಸ್ಟರ್ ಆಫೀಸಿನ ಎದುರಿನ ಬೇಕರಿಯಲ್ಲಿ. ಪತ್ರ ರಿಜಿಸ್ಟರ್ ಆದ ತಕ್ಷಣ ಅಕ್ಕ ಅಲ್ಲಿ ಕೂತು ಒಂದು ತಟ್ಟೆ ವರ್ಕಿ ತರಿಸುವಳು. ಊಟಿ ಕಡೆ ಬಂದವರಿಗೆ ವರ್ಕಿ ಗೊತ್ತು. ಪದರ ಪದರವಾಗಿ ಉದುರುವ ಬಿಸ್ಕತ್ತು. ಯಾರಿಗೆ ಪಾಲಿದೆಯೋ ಅವರ ಮುಂದೆ ಒಂದೊಂದು ವರ್ಕಿ ಇಡುವಳು. ವರ್ಕಿ ಬರದವರು ಟೀ ಕುಡಿದು ಎದ್ದು ಹೋಗಬೇಕು, ಜಗಳವಿಲ್ಲ. ಬಾರದೆ ಇದ್ದವರ ಪಾಲಿನ ವರ್ಕಿ ಖಾಲಿ ಕುರ್ಚಿಯ ಮುಂದೆ ಇರುತ್ತಿತ್ತು. ತಟ್ಟೆಯಲ್ಲಿ ಉಳಿದ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು, "ಇದು ನಾವು ತುಳಿದುಕೊಂಡು ಹೋದ ತೋಟದವರದು" ಎನ್ನುವಳು. ಮಾತಿಗಷ್ಟೇ ಅಲ್ಲ. ಯಾರ ತೋಟ ದಾಟಿ ಹೋಗಿದ್ದೆವೋ ಆ ಮನೆಗೆ ಏನಾದರೂ ಕೊಟ್ಟೇ ಬರುವಳು.

ನನ್ನ ಮುಂದಿನ ವರ್ಕಿಯನ್ನು ಅವಳು ಕೊನೆಗೆ ಇಡುತ್ತಿದ್ದಳು. ಮನೆಯವನು ಎಂದು ಕೊನೆಗೆ. ಅದು ಪ್ರೀತಿ ಎಂದು ಈಗ ತಿಳಿಯುತ್ತದೆ. ಆಗ ನನಗೆ ಎಲ್ಲರೆದುರು ಅಕ್ಕನ ಕೈಯಿಂದ ತೆಗೆದುಕೊಳ್ಳುವವನು ಅನ್ನಿಸಿ ಒಳಗೇ ಉರಿಯುತ್ತಿತ್ತು.

ಇದನ್ನು ಗಮನಿಸಿದವನು ಪೇಟೆಯ ಒಂದು ಆಫೀಸಿನವನು. ಗಾಜಿನ ಬಾಗಿಲು, ಒಳಗೆ ತಿರುಗುವ ಕುರ್ಚಿ. ಒಂದು ದಿನ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿ ಕಾಫಿ ತರಿಸಿದ.

"ನೀವು ಎಷ್ಟು ದಿನ ಅಕ್ಕನ ಡ್ರೈವರ್ ಆಗಿರ್ತೀರಿ? ನಮ್ಮ ಏಜೆಂಟ್ ಆಗಿ. ನಿಮ್ಮ ಹೆಸರಲ್ಲಿ ಕಾರ್ಡ್ ಹೊಡೆಸ್ತೀನಿ. ನಮ್ಮ ಸೈಡಿನಿಂದ ನೇರ ಪಾಲು."

"ನಾನು ಏನು ಮಾಡಬೇಕು?"

"ಏನೂ ಮಾಡಬೇಡಿ. ಬಾಯಿಗೆ ಸ್ವಲ್ಪ ರಜಾ ಕೊಡಿ, ಅಷ್ಟೆ."

ಅವನ ಬಳಿ ಆಗ ಒಬ್ಬ ಪಾರ್ಟಿ ಇದ್ದರು. ಗೂಡಲೂರಿನವರು, ಮಲಯಾಳಿ. ಎಷ್ಟೋ ವರ್ಷ ಹೊರದೇಶದಲ್ಲಿ ನರ್ಸ್ ಆಗಿದ್ದು ನಿವೃತ್ತರಾಗಿ ಬಂದಿದ್ದರು. ಒಂಟಿ ಹೆಂಗಸು. ಸಣ್ಣ ಮನೆ ಕಟ್ಟಿಕೊಂಡು ಗುಲಾಬಿ ಬೆಳೆಸಿಕೊಂಡು ಇರುವ ಆಸೆ. ಅವರಿಗೆ ತೋರಿಸಬೇಕಾದ ಜಾಗ ನಮ್ಮ ಪಕ್ಕದ ಹಟ್ಟಿಯ ಕೆಳಗಿನ ಇಳಿಜಾರು. ನೋಡಲು ಬಹಳ ಚೆಂದ. ಆದರೆ ದೀಪಾವಳಿ ಹೊತ್ತಿನ ಮಳೆ ಜೋರಾದರೆ ಆ ಜಾಗದ ನಡುವಿನಲ್ಲಿ ನೆಲದಡಿಯಿಂದ ನೀರು ಒಡೆಯುತ್ತದೆ, ಮಣ್ಣು ಜರಿಯುತ್ತದೆ. ಅಲ್ಲಿನ ಟೀ ಗಿಡಗಳೇ ಓರೆಯಾಗಿ ನಿಂತಿವೆ. ಹಟ್ಟಿಯವರು ಯಾರೂ ಅಲ್ಲಿ ಒಂದು ಕೊಟ್ಟಿಗೆ ಕೂಡ ಕಟ್ಟಿದವರಲ್ಲ.

ಜಾಗ ತೋರಿಸುವ ದಿನ ಅಕ್ಕನಿಗೆ ಬರಲಾಗಲಿಲ್ಲ. ಊಟಿ ಹತ್ತಿರದ ಕೆತ್ತಿಯಲ್ಲಿ ನಮ್ಮ ಚಿಕ್ಕಮ್ಮ ತೀರಿಕೊಂಡಿದ್ದರು. ಬಸ್ಸು ಹತ್ತುವಾಗಲೂ ಕಿಟಕಿಯಿಂದ ತಲೆ ಹಾಕಿ, "ತಮ್ಮಾ, ನೀರಿನ ವಿಷಯ ಮೊದಲು ಹೇಳು. ಬೇಕಾದ್ರೆ ಆಮೇಲೆ ಉಳಿದಿದ್ದು" ಎಂದಳು.

ಬೇಸಿಗೆ. ನೆಲ ಒಣಗಿತ್ತು. ಒದ್ದೆ ಜಾಗದಲ್ಲಿ ಬೆಳೆಯುವ ಜೊಂಡನ್ನು ಮಾರುವವನು ಹಿಂದಿನ ದಿನವೇ ಸವರಿದ್ದ. ಬುಡಗಳು ನನಗೆ ಕಾಣುತ್ತಿದ್ದವು, ನರ್ಸಮ್ಮನಿಗೆ ಅದೇನೆಂದು ತಿಳಿಯುವಂತಿರಲಿಲ್ಲ. ಅವರು ಆ ಜೊಂಡಿನ ಬುಡಗಳ ಮೇಲೇ ನಿಂತು, "ಇಲ್ಲಿ ಅಡುಗೆಮನೆ ಬರಬೇಕು. ಕಿಟಕಿಯಿಂದ ಕಣಿವೆ ಕಾಣಬೇಕು" ಎಂದರು. ತಮಿಳು ಮಲಯಾಳ ಬೆರೆಸಿ ಮಾತಾಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಮಗನನ್ನು ಕರೆಯುವಂತೆ, "ಮೋನೇ, ನೀನು ಈ ಕಡೆಯವನು. ಇಲ್ಲಿ ಏನಾದರೂ ತೊಂದರೆ ಇದ್ಯಾ?" ಎಂದರು.

ಆಫೀಸಿನವನು ಫೋನು ನೋಡುತ್ತಿದ್ದ. ಮಾರುವವನು ಬೇರೆ ಕಡೆ ನೋಡುತ್ತಿದ್ದ.

ನಾನು ಸುಮ್ಮನಿದ್ದಿದ್ದರೆ ಅದು ಬರಿಯ ಸುಮ್ಮನಿದ್ದದ್ದು ಆಗುತ್ತಿತ್ತು. ನಾನು ಅದಕ್ಕಿಂತ ಹೊಲಸು ಕೆಲಸ ಮಾಡಿದೆ. ಸಣ್ಣ ಸಣ್ಣ ಕುಂದುಗಳನ್ನು ಜೋರಾಗಿ ಹೇಳಿದೆ. ಸಂಜೆ ಕಾಡೆಮ್ಮೆ ಬರುತ್ತವೆ, ಗುಲಾಬಿ ಉಳಿಯುವುದು ಕಷ್ಟ ಎಂದೆ. ಫೋನಿಗೆ ಸಿಗ್ನಲ್ ಸಿಗುವುದಿಲ್ಲ ಎಂದೆ. ಚಿರತೆ ನಾಯಿ ಹೊತ್ತುಕೊಂಡು ಹೋದ ಕಥೆ ಹೇಳಿದೆ. ಅವರು ನಕ್ಕು, "ಇಷ್ಟು ನಿಜ ಹೇಳುವ ಬ್ರೋಕರ್‌ನ ನಾನು ನೋಡೇ ಇಲ್ಲ" ಎಂದರು.

ಅಕ್ಕ ಕೆತ್ತಿಯಿಂದ ಬಂದವಳು ಶೂ ಕಳಚುವ ಮುಂಚೆ ಕೇಳಿದಳು. "ಹೇಳಿದ್ಯಾ?"

"ಹೇಳಿದೆ."

"ಏನಂದ್ರು?"

"ಪರವಾಗಿಲ್ಲ, ಗೋಡೆ ಕಟ್ಟಿಸ್ಕೋತೀನಿ ಅಂದ್ರು."

ಈ ಎರಡನೆಯ ಸುಳ್ಳು ಎಲ್ಲಿಂದ ಬಾಯಿಗೆ ಬಂತೋ ನನಗೆ ಗೊತ್ತಿಲ್ಲ.

ರಿಜಿಸ್ಟರ್ ದಿನ ಅಕ್ಕ ಅಷ್ಟಕ್ಕೇ ಬಿಡದೆ ನರ್ಸಮ್ಮನನ್ನೇ ಕೇಳಿದಳು. "ಅಮ್ಮಾ, ಜಾಗದ ಕುಂದು ಎಲ್ಲ ಕೇಳಿಸಿಕೊಂಡ್ರಾ?" ಅವರು, "ಅಯ್ಯೋ, ನಿಮ್ಮ ತಮ್ಮ ಎಲ್ಲಾ ಹೇಳಿ ನನ್ನ ಹೆದರಿಸಿಬಿಟ್ಟ!" ಎಂದು ನಕ್ಕರು. ಅಕ್ಕನೂ ನಕ್ಕಳು. ಆ ದಿನ ಬೇಕರಿಯಲ್ಲಿ ಮೊದಲ ವರ್ಕಿ ಇಟ್ಟದ್ದು ನನ್ನ ಮುಂದೆ. ನನ್ನ ಅಂಗಿಯ ಜೇಬಿನಲ್ಲಿ ನನ್ನ ಹೆಸರಿನ ಹೊಸ ಕಾರ್ಡುಗಳಿದ್ದವು. ವರ್ಕಿ ತಿಂದೆ. ಗಂಟಲಲ್ಲಿ ಇಳಿಯಿತು. ಇಳಿಯಿತಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಮನೆ ಎದ್ದಿತು. ನರ್ಸಮ್ಮ ಬಂದು ಸೇರಿಕೊಂಡರು. ಮೊದಲ ವರ್ಷ ಮಳೆ ಕಡಿಮೆ. ಎರಡನೆಯ ವರ್ಷ ದೀಪಾವಳಿ ಮಳೆ ನಿಲ್ಲದೆ ಹಿಡಿಯಿತು. ಅಡುಗೆಮನೆಯ ನೆಲ ಬಿರುಕು ಬಿಟ್ಟು ಕೆಳಗಿನಿಂದ ನೀರು ಬಂತು, ಹಿಂದಿನ ದಿಬ್ಬ ಜರಿದು ಗೋಡೆಯನ್ನು ಒಳಕ್ಕೆ ನೂಕಿತು. ಅವರು ಆಗ ಮುಂದಿನ ಕೋಣೆಯಲ್ಲಿದ್ದರು, ಜೀವಕ್ಕೆ ಏನಾಗಲಿಲ್ಲ. ಮನೆಯಲ್ಲಿ ಇರುವಂತಿಲ್ಲ ಎಂದು ನೋಡಲು ಬಂದ ಇಂಜಿನಿಯರ್ ಹೇಳಿದರು.

ನರ್ಸಮ್ಮ ನೇರ ಬೇಕರಿಗೆ ಬಂದರು. ಬ್ರೋಕರ್‌ಗಳೆಲ್ಲ ಇದ್ದರು, ಬೈಕಿನವನೂ ಇದ್ದ. ಅವರು ಬೈಯಲಿಲ್ಲ, ಅಳಲಿಲ್ಲ. ಚಪ್ಪಲಿ ತುಂಬ ಕೆಸರಿತ್ತು. ಅಕ್ಕನ ಎದುರು ನಿಂತು ಕೇಳಿದರು:

"ನಿಮ್ಮ ತಮ್ಮ ಕಾಡೆಮ್ಮೆ ಬರುತ್ತೆ ಅಂದ. ಚಿರತೆ ಬರುತ್ತೆ ಅಂದ. ನೀರು ಬರುತ್ತೆ ಅಂತ ಯಾಕೆ ಹೇಳಲಿಲ್ಲ?"

ಅಕ್ಕ ನನ್ನ ಕಡೆ ನೋಡಿದಳು. ಬಹಳ ಹೊತ್ತು ನೋಡಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು. ಎದ್ದು ನಿಂತು ಕೈ ಮುಗಿದಳು.

"ಅವನು ಹೇಳ್ತೀನಿ ಅಂದಿದ್ದ ಅಮ್ಮಾ. ನಾನೇ ಬೇಡ ಅಂದೆ. ತಪ್ಪು ಎನ್ನದು."

ಬೈಕಿನವನು, "ಕುಂದು ಹೇಳೋಕೂ ಪಾಲು ಕೊಡೋ ಸತ್ಯವಂತಿ!" ಎಂದು ಟೀ ಗ್ಲಾಸು ಕೆಳಗಿಟ್ಟು ಎದ್ದ. ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ನಾನು ಮೇಜಿನ ಮೇಲೆ ಬಿದ್ದ ವರ್ಕಿ ಪುಡಿಯನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡುತ್ತಾ ಕೂತಿದ್ದೆ. ಬಾಯಿ ತೆರೆದಿದ್ದರೆ ಆಗುತ್ತಿತ್ತು. ತೆರೆಯಲಿಲ್ಲ.

ಹಿಂದಿರುಗುವಾಗ ಜೀಪಿನಲ್ಲಿ ಅವಳು ಒಂದೇ ಮಾತು ಆಡಿದಳು. "ನೀ ಇನ್ನೂ ಜೀಪು ಓಡಿಸಬೇಕು. ಜನ ನಿನ್ನ ನಂಬಿ ಹತ್ತಬೇಕು. ಎನಗೆ ಹೆಂಗೂ ಎಲೆ ಇದೆ."

ಅವಳಿಗೆ ಬಂದ ಪಾಲನ್ನೂ ನನಗೆ ಬಂದ ಪಾಲನ್ನೂ ಅವಳೇ ನರ್ಸಮ್ಮನಿಗೆ ಒಯ್ದು ಕೊಟ್ಟಳು. ನನ್ನದು ಆಗಲೇ ಜೀಪಿನ ಟೈರುಗಳಾಗಿತ್ತು, ಅಷ್ಟನ್ನೂ ಅವಳು ತನ್ನ ಕೈಯಿಂದ ಹಾಕಿದಳು. ಗಾಜಿನ ಬಾಗಿಲಿನವನು ತನ್ನ ಸೈಡಿನದು ಕೊಡಲಿಲ್ಲ. ಜಾಗ ನೋಡಿಕೊಂಡೇ ಕೊಂಡಿದ್ದಾರೆ ಎಂದ. ನರ್ಸಮ್ಮ ಗೂಡಲೂರಿಗೆ ತಮ್ಮ ಅಣ್ಣನ ಮನೆಗೆ ಹೋದರು. ಕಾರ್ಡುಗಳನ್ನು ನಾನು ಒಲೆಗೆ ಹಾಕಿದೆ. ಅದರಿಂದ ಯಾರಿಗೆ ಏನಾಯಿತು?

ಅಕ್ಕ ಮತ್ತೆ ಎಲೆ ಕೊಳ್ಳಲು ಹೊರಟಳು. ಜಾಗ ಮಾರಿಸಿಕೊಡು ಎಂದು ಒಬ್ಬಿಬ್ಬರು ಹಳೆಯ ಸಲಿಗೆಯಿಂದ ಬಂದರೆ, "ಎನ್ನ ಮಾತಿಗೆ ಈಗ ತೂಕ ಇಲ್ಲೆ, ಬೇರೆಯವರನ್ನ ನೋಡಿ" ಎಂದು ಕಳಿಸುತ್ತಿದ್ದಳು. ನನ್ನ ಮೇಲೆ ಸಿಟ್ಟು ತೋರಿಸಲಿಲ್ಲ. ನನ್ನ ಮಕ್ಕಳಿಗೆ ವರ್ಕಿ ತರುತ್ತಿದ್ದಳು, ನನಗೆ ಮೊದಲಿನಂತೆ ಬಡಿಸುತ್ತಿದ್ದಳು. ಒಂದೇ ಒಂದು ಬದಲಾಯಿತು. ಮೊದಲು ದಿನಕ್ಕೆ ಹತ್ತು ಸಲ "ಹೇಳಿದ್ಯಾ?" ಎನ್ನುವವಳು. ಹಾಲಿನವನಿಗೆ ಹೇಳಿದ್ಯಾ, ಫ್ಯಾಕ್ಟರಿಯವರಿಗೆ ಹೇಳಿದ್ಯಾ, ಚಿಕ್ಕಪ್ಪನಿಗೆ ಹೇಳಿದ್ಯಾ. ಆ ದಿನದಿಂದ ಆ ಪ್ರಶ್ನೆಯನ್ನು ನನಗೆ ಕೇಳಲೇ ಇಲ್ಲ. ಹೇಳಿಸಬೇಕಾದ್ದು ಏನಿದ್ದರೂ ನನ್ನ ಹೆಂಡತಿಯ ಬಾಯಲ್ಲಿ ಹೇಳಿಸುತ್ತಿದ್ದಳು, ಇಲ್ಲವೆ ತಾನೇ ಎದ್ದು ಹೋಗುತ್ತಿದ್ದಳು. ಮಂಡಿ ನೋವಿನಲ್ಲೂ ಹೋಗುತ್ತಿದ್ದಳು. ಕೇಳಿಬಿಡಲಿ ಎಂದು ನಾನು ಕಾದೆ. ಒಂದು ಸಲ ಕೇಳಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಅದೂ ಸುಳ್ಳೇ ಇರಬೇಕು.

ಈ ಚಳಿಗಾಲದಲ್ಲಿ ಅವಳ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಸೇರಿಸಿದೆವು, ಉಳಿಯಲಿಲ್ಲ.

ಹಟ್ಟಿಯ ಕೆಳಗಿನ ಬಯಲಿನಲ್ಲಿ ಮಂಚದ ಮೇಲೆ ಮಲಗಿಸಿದ್ದರು. ಹೆಂಗಸರು ಸುತ್ತ ಕೂತಿದ್ದರು. ಎಲೆ ಕೊಟ್ಟವರು, ಜಾಗ ಮಾರಿದವರು, ಬೈಕಿನ ಬ್ರೋಕರ್ ಕೂಡ ಬಂದಿದ್ದ. ಪಕ್ಕದಲ್ಲಿ ಅವಳ ಕೊಡೆ ಇಟ್ಟಿದ್ದರು. ಹಿರಿಯರು ಮಂಚದ ಬದಿಗೆ ಬಂದು ನಿಂತು ಪಾಪಗಳನ್ನು ಕೂಗಲು ಶುರುಮಾಡಿದರು.

"ಹಸಿದು ಬಂದವರನ್ನ ಬಾಗಿಲಿಂದಲೇ ಕಳಿಸಿದ್ದರೆ!"

"ಪಾಪ" ಎಂದರು ಜನ.

"ಗಡಿಕಲ್ಲು ಸರಿಸಿದ್ದರೆ!"

"ಪಾಪ."

ಯಾರೂ ನಗಲಿಲ್ಲ. ಅವಳು ಹೆದರಿದ್ದು ಆಗಲಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು.

"ನಂಬಿ ದಾರಿ ಕೇಳಿದವರಿಗೆ ತಪ್ಪು ದಾರಿ ತೋರಿಸಿದ್ದರೆ!"

"ಪಾಪ" ಎಂದರು. ಆದರೆ ಈ ಸಲ ದನಿ ಬೇರೆ ಇತ್ತು. ನನ್ನ ಹಿಂದೆ ನಿಂತ ಒಬ್ಬಳು ಮೆಲ್ಲಗೆ, "ಆ ನರ್ಸಮ್ಮ..." ಎಂದಳು. ಇನ್ನೊಬ್ಬಳು, "ಸುಮ್ಮನಿರೇ, ಹೆಣದ ಮುಂದೆ" ಎಂದಳು. ಹಿರಿಯರು ಮುಂದಿನದಕ್ಕೆ ಉಸಿರು ಎಳೆದುಕೊಂಡರು.

ನನ್ನ ಕಾಲು ತಾನಾಗಿ ಮುಂದೆ ಹೋಯಿತು. ಸಾವಿನ ಮಾತಿನ ನಡುವೆ ಬಾಯಿ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಹಿರಿಯರು ಕೈ ಎತ್ತಿ ನನ್ನನ್ನು ತಡೆಯಲು ಬಂದರು. ನಾನು ನಿಲ್ಲಲಿಲ್ಲ. ಆ ಜಾಗದ ಮೇಲೇ ನಿಂತು, ಎಲ್ಲರ ಕಿವಿಗೆ ಬೀಳುವ ಹಾಗೆ, ಇನ್ನೂ ಮಣ್ಣಿಗೆ ಒಯ್ಯುವ ಮುಂಚೆ ಹೇಳಿದೆ:

"ಇದು ಅವಳ ಪಾಪ ಅಲ್ಲ. ಇದೊಂದನ್ನ ಅವಳ ಲೆಕ್ಕಕ್ಕೆ ಹಾಕಬೇಡಿ. ನೀರಿನ ವಿಷಯ ಮೊದಲು ಹೇಳು ಅಂತ ಅವಳು ಬಸ್ಸಿನ ಕಿಟಕಿಯಿಂದ ಹೇಳಿ ಹೋಗಿದ್ದಳು. ನಾ ಹೇಳಲಿಲ್ಲ. ಹೇಳಿದೆ ಅಂತ ಅವಳಿಗೂ ಸುಳ್ಳು ಹೇಳಿದೆ. ಬೇಕರಿಯಲ್ಲಿ ಅವಳು ಎನ್ನ ತಪ್ಪನ್ನ ತನ್ನದು ಅಂದಾಗ ನಾ ಸುಮ್ಮನೆ ಕೂತಿದ್ದೆ. ಅಕ್ಕಾ, ಹೇಳಲಿಲ್ಲ ನಾನು. ತಪ್ಪಾಯ್ತು ಅಕ್ಕಾ, ಎನ್ನ ಮನ್ನಿಸು."